ಇಪ್ಪತ್ತು ಮಂದಿಗೆ ಒಂದೇ ನಂಬರು

ಹಡಗು ಹತ್ತಿದ ಮೂರನೆಯ ದಿನ ಬೆಳಿಗ್ಗೆ ನನ್ನ ಕೋಣೆಯ ಬಾಗಿಲ ಸಂದಿಯಿಂದ ಒಂದು ಕಾಗದ ಒಳಗೆ ಬಂದು ಬಿದ್ದಿತ್ತು. ನಾಡಿದ್ದು ನಾವು ಇಳಿಯಬೇಕಿದ್ದ ಬಂದರಿನ ಊರಿಗೆ, ನನ್ನ ಗುಂಪಿನ ಇಪ್ಪತ್ತು ಜನರ ಪೈಕಿ ನಾಲ್ವರಿಗೆ ಮಾತ್ರ ಪ್ರವೇಶವಿದೆ, ಉಳಿದ ಹದಿನಾರು ಅರ್ಜಿ ರದ್ದಾಗಿವೆ ಎಂದು ಅದರಲ್ಲಿ ಬರೆದಿತ್ತು. ಎರಡು ಸಲ ಓದಿದೆ. ಮೂರನೆಯ ಸಲ ಓದಲು ಕನ್ನಡಕ ಒರೆಸಿಕೊಂಡೆ. ಕನ್ನಡಕದಲ್ಲಿ ದೋಷವಿರಲಿಲ್ಲ.

ಗದಗಿನಲ್ಲಿ ನನ್ನದೊಂದು ಸಣ್ಣ ಪ್ರವಾಸದ ಅಂಗಡಿ. ಒಂದು ಟೇಬಲ್ಲು, ಮೂರು ಕುರ್ಚಿ, ಒಂದು ಕಂಪ್ಯೂಟರು. ಕಾಶಿ, ಶಿರಡಿ, ಅಜ್ಮೀರ, ಧರ್ಮಸ್ಥಳ ಎಂದು ಬಸ್ಸು ಕಟ್ಟಿಕೊಂಡು ಓಡಾಡಿದವಳಿಗೆ ಮೊದಲ ಸಲ ಹಡಗಿನ ಹುಚ್ಚು ಹಿಡಿದಿತ್ತು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹತ್ತೊಂಬತ್ತು ಜನ ನನ್ನನ್ನು ನಂಬಿ ಹೊರಟರು. ಮುಂಬೈಯಿಂದ ವಿಮಾನ, ಯುರೋಪಿನಲ್ಲಿ ಹಡಗು, ಏಳು ದಿನ, ಮೂರು ಬಂದರು. ಅವುಗಳಲ್ಲಿ ನಡುವಿನದು ಈ ಊರು. ಸಣ್ಣ ಊರು. ದೊಡ್ಡ ಹಡಗುಗಳು ಬಂದು ಬಂದು ಅಲ್ಲಿನವರಿಗೆ ತಮ್ಮ ಓಣಿಯಲ್ಲೇ ಕಾಲಿಡಲು ಜಾಗವಿಲ್ಲದಂತಾಗಿ, ಒಂದು ಹಡಗಿನಿಂದ ಇಷ್ಟೇ ಜನ ಇಳಿಯಬೇಕು, ಇಳಿಯುವವರು ಮುಂಚೆಯೇ ಹೆಸರು ಹಚ್ಚಬೇಕು ಎಂದು ಊರಿನವರು ಕಟ್ಟುನಿಟ್ಟು ಮಾಡಿದ್ದರು. ಅದು ನನಗೆ ಗೊತ್ತಿತ್ತು. ಎರಡು ತಿಂಗಳು ಮುಂಚೆಯೇ ಇಪ್ಪತ್ತೂ ಅರ್ಜಿ ತುಂಬಿ, ಇಪ್ಪತ್ತಕ್ಕೂ ಹಸಿರು ಗುರುತು ಬಂದದ್ದನ್ನು ನೋಡಿ, ಆವತ್ತು ಅಂಗಡಿಗೆ ಬಂದವರಿಗೆಲ್ಲ ಚಹಾ ಕುಡಿಸಿದ್ದೆ.

ಕಾಗದ ಹಿಡಿದುಕೊಂಡು ಹಡಗಿನ ವಿಚಾರಣೆ ಕೌಂಟರಿಗೆ ಓಡಿದೆ. ಅಲ್ಲಿದ್ದ ಹುಡುಗಿ ಗೋವಾದವಳು, ಹಿಂದಿ ಬರುತ್ತಿತ್ತು. ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ಇಪ್ಪತ್ತು ಹೆಸರಿನ ಮುಂದೆಯೂ ಒಂದೇ ಮೊಬೈಲ್ ನಂಬರು ಇತ್ತು. ಅದು ನನ್ನ ಅಂಗಡಿಯ ನಂಬರು.

ನಮ್ಮ ಕಡೆ ಅದು ತಪ್ಪೇ ಅಲ್ಲ. ಗ್ಯಾಸಿಗೆ, ಬ್ಯಾಂಕಿಗೆ, ರೇಷನ್ನಿಗೆ, ಒಂದು ಮನೆಗೆ ಒಂದು ನಂಬರು. ಓಣಿಯಲ್ಲಿ ಯಾರಿಗೆ ಇಂಗ್ಲಿಷ್ ಮೆಸೇಜು ಓದಲು ಬರುತ್ತದೋ ಅವರ ನಂಬರನ್ನೇ ನಾಲ್ಕು ಮನೆಯವರು ಬರೆಸುತ್ತಾರೆ. ನನ್ನ ಗಿರಾಕಿಗಳೂ "ಅಕ್ಕಾರ, ನಿಮ್ಮ ನಂಬರನ್ನ ಹಾಕ್ರಿ, ನಮಗೇನು ತಿಳಿತೈತಿ" ಎನ್ನುತ್ತಾರೆ, ನಾನೂ ಹಾಕುತ್ತೇನೆ. ಇಷ್ಟು ವರ್ಷ ಯಾವ ದೇವರೂ ಇದನ್ನು ಪ್ರಶ್ನಿಸಿರಲಿಲ್ಲ. ಆದರೆ ಆ ಊರಿನ ಹೊಸ ನಿಯಮದ ಪ್ರಕಾರ ಒಂದು ನಂಬರಿಗೆ ನಾಲ್ಕೇ ಜನ. ದಲ್ಲಾಳಿಗಳು ಪಾಸು ಹಿಡಿದಿಟ್ಟುಕೊಂಡು ಮಾರಬಾರದೆಂದು ಹಾಗೆ ಮಾಡಿದ್ದರಂತೆ. ಕೊನೆಯ ಪರಿಶೀಲನೆಯಲ್ಲಿ ಕಂಪ್ಯೂಟರು ನನ್ನನ್ನೂ ದಲ್ಲಾಳಿ ಎಂದು ಎಣಿಸಿ, ಮೊದಲ ನಾಲ್ಕು ಹೆಸರು ಉಳಿಸಿ ಮಿಕ್ಕವನ್ನು ಅಳಿಸಿತ್ತು. ಖಾಲಿಯಾದ ಜಾಗಕ್ಕೆ ಆಗಲೇ ಬೇರೆಯವರು ಬಂದಾಗಿತ್ತು. ನಾಲ್ಕು ದಿನದ ಹಿಂದೆಯೇ ಅಂಗಡಿಯ ಫೋನಿಗೆ ಎಚ್ಚರಿಕೆಯ ಮೆಸೇಜು ಬಂದಿತ್ತು ಎಂದೂ ಆಕೆ ಹೇಳಿದಳು. ಊರಿಗೆ ಫೋನು ಮಾಡಿ ಕೇಳಿದರೆ, ಅಂಗಡಿ ನೋಡಿಕೊಳ್ಳುತ್ತಿದ್ದ ನಮ್ಮ ಯಜಮಾನರು ಅದನ್ನು ಸಾಲದ ಜಾಹೀರಾತೆಂದು ತಿಳಿದು ಅಳಿಸಿದ್ದರು.

ಹದಿನೈದು ಜನರ ಬೈಗುಳಕ್ಕೆ ನಾನು ಹೆದರಲಿಲ್ಲ, ಬೈಗುಳ ತಿಂದು ಅರಗಿಸಿಕೊಳ್ಳುವುದೇ ನನ್ನ ಕಸುಬು. ಆದರೆ ಲಕ್ಷ್ಮೇಶ್ವರದ ಆಪಾನ ಮುಖ ನೆನಪಾಯಿತು.

ಆಪಾ, ಅಂದರೆ ಅಕ್ಕ, ಎಂದು ಎಲ್ಲರೂ ಕರೆಯುವ ಇವರು ಲಕ್ಷ್ಮೇಶ್ವರದಲ್ಲಿ ಕುಪ್ಪಸ ಹೊಲಿಯುವ ಹೆಂಗಸು, ಐವತ್ತೈದರ ಆಸುಪಾಸು. ಹೆಸರು ಹಚ್ಚಲು ಬಂದ ದಿನ ನನ್ನ ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದಿರುವುದನ್ನು ನೋಡಿ, ಪರ್ಸಿನಿಂದ ಮಡಿಕೆ ಬಿದ್ದ ಒಂದು ಕಾಗದ ತೆಗೆದಿದ್ದರು. ಅದರಲ್ಲಿ ಆ ಬಂದರಿನ ಊರಿನ ಹೆಸರು, ಸಾಲು ಆರು, ಗೋರಿ ಹದಿನಾಲ್ಕು ಎಂದಿತ್ತು. ಅವರ ಅಣ್ಣ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿಯುತ್ತಿದ್ದವರು. ಹಡಗಿನಲ್ಲೇ ಜಡ್ಡು ಬಿದ್ದು, ಆ ಊರಿನ ಆಸ್ಪತ್ರೆಗೆ ಸೇರಿಸಿ, ಅಲ್ಲೇ ತೀರಿಕೊಂಡರು. ಹನ್ನೊಂದು ವರ್ಷವಾಗಿತ್ತು. ಹೆಣ ತರಿಸುವುದು ಆಗಲಿಲ್ಲ. ಮನೆಗೆ ಬಂದದ್ದು ಒಂದು ಸೂಟ್‌ಕೇಸು ಮತ್ತು ಈ ಕಾಗದ. ಆಪಾನ ಮೊದಲ ಹೊಲಿಗೆ ಯಂತ್ರ ಆ ಅಣ್ಣನ ಮೊದಲ ಸಂಬಳದ್ದು.

"ಆ ಊರಾಗ ಇಳಸ್ತೀರಿಲ್ಲೋ ಅಕ್ಕಾರ, ಖರೆ ಹೇಳ್ರಿ" ಎಂದು ಕೇಳಿದ್ದರು. "ಇಳಸ್ತೇನಿ ಬಿಡ್ರಿ ಆಪಾ, ನನ್ನ ಜವಾಬ್ದಾರಿ" ಎಂದಿದ್ದೆ.

"ಇನ್ನೊಂದು ಮಾತು. ಇದನ್ನ ಯಾರ ಮುಂದೂ ಆಡಬ್ಯಾಡ್ರಿ. ಮಂದಿ ಖುಷೀಲೆ ಹೊಂಟಿರ್ತಾರ. ಅವರ ನಡುವ ನಾನು ಸಾವಿನ ಖಬರ ತಗೊಂಡು ಕುಂಡ್ರೂದು ಚಲೋ ಅಲ್ಲ" ಎಂದಿದ್ದರು. ಅದಕ್ಕೂ ಹೂಂ ಎಂದಿದ್ದೆ.

ರದ್ದಾಗದೆ ಉಳಿದ ನಾಲ್ಕು ಪಾಸು ಯಾರವು ಎಂಬುದನ್ನೂ ಹೇಳಬೇಕು. ಮುಂಡರಗಿಯ ಕಾಳುಕಡಿಯ ಅಡತಿ ಸಾಹುಕಾರರು ಎಲ್ಲದರಲ್ಲೂ ಮೊದಲು ಇರಬೇಕೆನ್ನುವವರು. ಪ್ರವಾಸದ ಮಾತು ಕಿವಿಗೆ ಬಿದ್ದ ಮರುದಿನವೇ ಬಂದು ಹೆಸರು ಹಚ್ಚಿದ್ದರು. ಆದ್ದರಿಂದ ಪಟ್ಟಿಯಲ್ಲಿ ಮೊದಲು ಅವರು, ಅವರ ಹೆಂಡತಿ, ಆಮೇಲೆ ಅವರ ಮಗಳನ್ನು ಕೊಟ್ಟ ಶಿರಹಟ್ಟಿಯ ಬೀಗರು, ಬೀಗಿತ್ತಿ. ಬೀಗರನ್ನು ಹಡಗು ಹತ್ತಿಸಿ ಮೆರೆಸಬೇಕೆಂಬುದೇ ಸಾಹುಕಾರರ ಪ್ರವಾಸದ ಉದ್ದೇಶ.

ಮಧ್ಯಾಹ್ನದ ಊಟದಲ್ಲಿ ಎಲ್ಲರಿಗೂ ವಿಷಯ ಹೇಳಿದೆ. ತಪ್ಪು ನನ್ನದೇ ಎಂದೂ ಹೇಳಿದೆ. ಗದಗಿನ ಔಷಧಿ ಅಂಗಡಿಯವರು ಊಟ ಬಿಟ್ಟು ಎದ್ದು ಹೋದರು. ಒಬ್ಬ ಹೆಣ್ಣುಮಗಳು "ಸಮುದ್ರ ನೋಡಿ ನೋಡಿ ಕಣ್ಣು ಬೆಳ್ಳಗಾದ್ವು, ನೆಲದ ಮ್ಯಾಲ ಒಂದು ಹೆಜ್ಜಿ ಇಡಾಕರ ಬಿಡ್ರಿ ಅಂತ ಕೇಳ್ರಿ ಅವರನ್ನ" ಎಂದು ನನ್ನನ್ನೇ ದಬಾಯಿಸಿದರು. ಸಾಹುಕಾರರು ತಮ್ಮ ಪಾಸು ಗಟ್ಟಿ ಎಂದು ತಿಳಿದ ಮೇಲೂ ಸುಮ್ಮನಿರಲಿಲ್ಲ. "ನಾವೇನು ಅವರ ಊರನ್ನ ಹೊತ್ಕೊಂಡು ಹೊಕ್ಕೀವೇನ್ರಿ? ನೋಡಿ ಬರ್ತೀವಿ. ನಮ್ಮೂರಿಗೆ ಬಂದೋರಿಗೆ ನಾವು ಎಂದರ ಬಾಗ್ಲಾ ಹಾಕೇವೇನು?" ಎಂದರು.

ಅದಕ್ಕೆ ಬೀಗಿತ್ತಿ ರೊಟ್ಟಿ ಮುರಿಯುತ್ತಲೇ, "ದಿನಾ ಸಾವಿರ ಮಂದಿ ಬೀಗರು ಬಂದ್ರ ನೀವೂ ಹಾಕ್ತೀರಿ ತಗೀರಿ" ಎಂದುಬಿಟ್ಟರು. ಸಾಹುಕಾರರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ.

ಊಟವಾದ ಮೇಲೆ ಆಪಾ ನನ್ನ ಬಳಿ ಬಂದು, "ಇರಲಿ ಬಿಡ್ರಿ. ಹಡಗಿನಿಂದ ಊರು ಕಾಣ್ತೈತಂತಲ್ಲ. ಇಲ್ಲಿ ನಿಂತ ಅಣ್ಣಗ ಫಾತಿಹಾ ಓದ್ತೇನಿ" ಎಂದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆ ದಿನ ಆರು ಸಲ ಕೌಂಟರಿಗೆ ಹೋದೆ. ಆರನೆಯ ಸಲ ಗೋವಾದ ಹುಡುಗಿ ನಿಯಮಾವಳಿಯ ಕೊನೆಯ ಪುಟ ತೆರೆದಳು. ಹೊಸ ಪಾಸು ಸಿಗುವುದಿಲ್ಲ. ಆದರೆ ಪಾಸು ಇದ್ದವರು ಒಪ್ಪಿದರೆ, ಅದೇ ಹಡಗಿನ ಇನ್ನೊಬ್ಬರ ಹೆಸರಿಗೆ ಬದಲಿಸಬಹುದು. ಹಿಂದಿನ ದಿನ ಮಧ್ಯಾಹ್ನ ಹನ್ನೆರಡರೊಳಗೆ. ಅರ್ಜಿಯಲ್ಲಿರುವ ನಂಬರಿಗೆ ಆರು ಅಂಕಿಯ ಸಂಕೇತ ಬರುತ್ತದೆ, ಐದು ನಿಮಿಷದಲ್ಲಿ ತುಂಬಬೇಕು, ಮೂರು ಸಲ ಮಾತ್ರ ಅವಕಾಶ.

ನಾಲ್ಕನೆಯ ದಿನ ಬೆಳಿಗ್ಗೆ ಎದ್ದವಳೇ ಸಾಹುಕಾರರನ್ನು ಹುಡುಕಿಕೊಂಡು ಹೊರಟೆ. ಮೇಲಂತಸ್ತಿನ ಅಟ್ಟಣಿಗೆಯಲ್ಲಿ ನಮ್ಮವರೆಲ್ಲ ಬೋನಿಗೆ ಬಿದ್ದವರಂತೆ ತಿರುಗುತ್ತಿದ್ದರು. ಲಕ್ಷ್ಮೇಶ್ವರದ ಪಕ್ಕದ ಅಡರಕಟ್ಟಿಯ ರೈತರೊಬ್ಬರು ಹಡಗಿನ ಅಂಚಿನ ಕಟಾಂಜನದ ಗುಂಟ ಸುತ್ತು ಹಾಕುತ್ತ, "ಹೊಲದ ಬದು ತಿರಗಿದಂಗ ತಿರಗಾಕತ್ತೇನ್ರಿ, ಬೆಳಿ ಮಾತ್ರ ಕಾಣವಲ್ದು" ಎಂದರು. ನನಗೆ ನಗಲಾಗಲಿಲ್ಲ.

ಸಾಹುಕಾರರನ್ನು ಪಕ್ಕಕ್ಕೆ ಕರೆದು, ಗುಂಪಿನ ಒಬ್ಬರಿಗೆ ಆ ಊರಿನಲ್ಲಿ ಭಾಳ ತುರ್ತಿನ ಕೆಲಸವಿದೆ, ನಿಮ್ಮ ನಾಲ್ಕರಲ್ಲಿ ಒಂದು ಪಾಸು ಬಿಡಬಹುದೇ ಎಂದು ಕೇಳಿದೆ. ಕಾರಣ ಹೇಳಲಿಲ್ಲ. ಮಾತು ಕೊಟ್ಟಿದ್ದೆನಲ್ಲ.

ಅವರು ಸಿಟ್ಟಾಗಲಿಲ್ಲ, ಧ್ವನಿ ಇಳಿಸಿದರು. "ಅಕ್ಕಾರ, ನನ್ನದನ್ನ ಕೊಡ್ತಿದ್ದೆ. ಆದ್ರ ಬೀಗರನ್ನ ಕರ್ಕೊಂಡು ಬಂದಾಂವ ನಾನು. ಅವರನ್ನ ಗೊತ್ತಿಲ್ಲದ ಊರಾಗ ಬಿಟ್ಟು ನಾ ಹಡಗಿನ್ಯಾಗ ಕುಂಡ್ರಾಕ ಆಕ್ಕತೇನು? ಬೀಗಿತ್ತಿ ಕೂಡ ನಮ್ಮ ಮನಿಯಾಕಿ ಇರಬೇಕು. ಇನ್ನ ಬೀಗರಿಗೆ ನೀವು ಬಿಡ್ರಿ ಅಂತ ನಾ ಹೆಂಗ ಅನ್ನಲಿ? ಹೆಣ್ಣು ಕೊಟ್ಟಾಂವ್ರಿ ನಾನು. ನಾಳೆ ನನ್ನ ಮಗಳು ಆ ಮನ್ಯಾಗ ಬಾಳೇ ಮಾಡಬೇಕು."

ಅವರ ಮಾತಿನಲ್ಲಿ ಒಂದೆಳೆಯೂ ಸುಳ್ಳಿರಲಿಲ್ಲ. ನಾಲ್ಕು ಪಾಸುಗಳಿಗೂ ಬೀಗತನ ಗಂಟು ಹಾಕಿತ್ತು. ಆ ಗಂಟನ್ನು ಹೆಣ್ಣು ಕೊಟ್ಟವರು ಬಿಚ್ಚುವಂತಿರಲಿಲ್ಲ, ಹೆಣ್ಣು ತಂದವರೇ ಬಿಚ್ಚಬೇಕಿತ್ತು. ಆದರೆ ಕಾರಣ ಹೇಳದೆ ಬೀಗಿತ್ತಿಯ ಮುಂದೆ ಹೋಗಿ ಪಾಸು ಕೇಳಿದರೆ ಅದು ಅವಮರ್ಯಾದೆ. ಕಾರಣ ಹೇಳಿದರೆ ಆಪಾನಿಗೆ ಕೊಟ್ಟ ಮಾತು ಮುರಿದಂತೆ. ಗಡಿಯಾರ ಹತ್ತು ಗಂಟೆ ತೋರಿಸುತ್ತಿತ್ತು. ಅತ್ತಿಂದಿತ್ತ ಎಷ್ಟು ಸಲ ನಡೆದೆನೋ, ಹಡಗಿನ ಸಿಬ್ಬಂದಿಯೊಬ್ಬ ಬಂದು ನೀರು ಬೇಕೇ ಎಂದು ಕೇಳಿ ಹೋದ. ಕೊಟ್ಟ ಮಾತುಗಳು ಎರಡು, ಉಳಿಯುವುದು ಒಂದೇ. ಇಳಿಸುತ್ತೇನೆ ಎಂದ ಮಾತು ಉಳಿಯಲಿ ಎಂದು ತೀರ್ಮಾನಿಸಿದೆ.

ಬೀಗಿತ್ತಿ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಆಕೆ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಎಷ್ಟು ವರ್ಷ ಆತು ಅಂದ್ರಿ?"

"ಹನ್ನೊಂದ್ರಿ."

"ಮಣ್ಣು ಮಾಡೂ ಮುಂದ ಮನಿಯವರು ಯಾರರ ಬಂದಿದ್ರೇನು?"

"ಯಾರೂ ಬಂದಿಲ್ರಿ."

"ಒಂದು ಹಿಡಿ ಮಣ್ಣು ಹಾಕಾಕ ನಮ್ಮವರು ಅನ್ನೋರು ಒಬ್ಬರೂ ಇರಲಿಲ್ಲ" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದರು. "ಹಂಗಂದ್ರ ಮಣ್ಣು ಇನ್ನಾ ಮುಗಿದಿಲ್ಲ ತಗೀರಿ. ಅಕಿ ಮಣ್ಣಿಗೆ ಹೊಂಟಾಳ, ನಾವು ಊರು ನೋಡಾಕ ಹೊಂಟೇವಿ. ಮಣ್ಣಿಗೆ ಹೋಗೋರಿಗೆ ದಾರಿ ಬಿಡಬೇಕು."

ನೇರವಾಗಿ ಗಂಡನ ಹತ್ತಿರ ಹೋದರು. ಬೀಗರು ನಿವೃತ್ತ ಶಾಲಾ ಮಾಸ್ತರು, ಇಡೀ ಪ್ರವಾಸದಲ್ಲಿ ಅವರು ಮಾತಾಡಿದ್ದನ್ನು ನಾನು ಎರಡು ಸಲ ಕೇಳಿದ್ದೆನೇನೋ. ಪಕ್ಕದಲ್ಲೇ ಸಾಹುಕಾರರಿದ್ದರು. "ನೀವು ಹಡಗಿನ್ಯಾಗ ಇರ್ರಿ. ನಿಮ್ಮ ಪಾಸ ಆಪಾಗ ಕೊಡ್ರಿ. ನಾ ಅಕಿ ಕೂಡ ಹೊಕ್ಕೇನಿ, ಮಣ್ಣಿಗೆ ಒಬ್ಬಾಕಿನ್ನ ಕಳಸಬಾರದು" ಎಂದು ಬೀಗಿತ್ತಿ ಒಂದೇ ಉಸಿರಿಗೆ ಹೇಳಿದರು. ಮಾಸ್ತರು ಯಾಕೆ, ಏನು ಎಂದು ಕೇಳದೆ ಕೊರಳಿನಲ್ಲಿದ್ದ ಹಡಗಿನ ಗುರುತಿನ ಕಾರ್ಡು ತೆಗೆದು ನನ್ನ ಕೈಗಿಟ್ಟರು. ಸಾಹುಕಾರರು ಬೀಗರ ಮುಖ ನೋಡಿದರು, ನನ್ನ ಮುಖ ನೋಡಿದರು.

ಕೌಂಟರಿನ ಮುಂದೆ ನಿಂತಾಗ ಹನ್ನೊಂದೂ ಕಾಲು. ಗದಗಿನಲ್ಲಿ ಮಧ್ಯಾಹ್ನದ ಎರಡೂ ಮುಕ್ಕಾಲು. ಸಂಕೇತ ಬರುವ ಫೋನು ಅಂಗಡಿಯ ಡ್ರಾವರಿನಲ್ಲಿ, ಅಂಗಡಿಯ ಬೀಗದ ಕೈ ಬೆಟಗೇರಿಯ ಮನೆಯಲ್ಲಿ, ಮನೆಯಲ್ಲಿ ನಮ್ಮ ಯಜಮಾನರು ಊಟ ಮಾಡಿ ಅಡ್ಡಾಗುವ ಹೊತ್ತು. ನಾಲ್ಕು ಸಲ ಕರೆ ಮಾಡಿದ ಮೇಲೆ ಎದ್ದರು.

"ಈಗಿಂದೀಗ ಅಂಗಡಿಗೆ ಹೋಗ್ರಿ. ಜಲ್ದಿ."

"ಏನಾತು? ಹಡಗು ಮುಳಗಿತೇನು?"

"ನಾ ಮುಳಗಾಕತ್ತೇನಿ. ಏಳ್ರಿ ಮೊದಲ!"

ಅವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಸ್ಕೂಟರ್ ಹತ್ತಿ ಅಂಗಡಿ ಮುಟ್ಟುವಷ್ಟರಲ್ಲಿ ಹನ್ನೊಂದೂ ಮುಕ್ಕಾಲಾಗಿತ್ತು. ಹುಡುಗಿ ಗುಂಡಿ ಒತ್ತಿದಳು. ಸಂಕೇತ ಬಂತು. ಅವರು ಓದತೊಡಗಿದರು, ಮೂರನೆಯ ಅಂಕಿಗೆ ಹಡಗಿನ ವೈಫೈ ಕಡಿದು ಹೋಯಿತು. ಮತ್ತೆ ಸಿಗುವುದರೊಳಗೆ ಐದು ನಿಮಿಷ ಮುಗಿಯಿತು. ಎರಡನೆಯ ಸಲ ಅವರು ಕನ್ನಡಕವಿಲ್ಲದೆ ಹಳೆಯ ಸಂಕೇತವನ್ನೇ ಓದಿದರು, ಪರದೆ ಕೆಂಪಾಯಿತು. ನನ್ನ ಬಾಯಿಂದ ಏನು ಬಂತೋ ಇಲ್ಲಿ ಬರೆಯಲಾರೆ, ಕನ್ನಡ ತಿಳಿಯದ ಹುಡುಗಿಯೂ ತಲೆ ಎತ್ತಿ ನೋಡಿದಳು.

ಮೂರನೆಯದೇ ಕೊನೆಯದು. ಹನ್ನೊಂದು ಐವತ್ತೈದು.

"ಸಿಟ್ಟಿಗೇಳಬ್ಯಾಡ. ಬಸ್ಸಿನ್ಯಾಗ ಟಿಕೇಟಿನ ನಂಬರ ಓದಿದಂಗ ಓದ್ತೇನಿ, ನೀ ಬರ್ಕೋ" ಎಂದರು. ಒಂದೊಂದೇ ಅಂಕಿಯನ್ನು ಎರಡೆರಡು ಸಲ ಕೂಗಿ ಹೇಳಿದರು. ನಾನೂ ಕೂಗಿದೆ, ಹುಡುಗಿ ತುಂಬಿದಳು. ಪರದೆಯ ಮೇಲೆ ಮಾಸ್ತರರ ಹೆಸರು ಹೋಗಿ ಆಪಾನ ಹೆಸರು ಬಂತು. ನಾನು ಅಲ್ಲೇ ನೆಲದ ಮೇಲೆ ಕೂತೆ.

ಪಾಸು ತೆಗೆದುಕೊಂಡು ಹೋದಾಗ ಆಪಾ ಯಾರದೋ ಕುಪ್ಪಸಕ್ಕೆ ಹುಕ್ಕು ಹಚ್ಚುತ್ತಿದ್ದರು. ಪಾಸು ನೋಡಿದರು, ನನ್ನನ್ನು ನೋಡಿದರು. ಎಲ್ಲವೂ ತಿಳಿಯಿತು ಅವರಿಗೆ.

"ಹೇಳಬ್ಯಾಡ್ರಿ ಅಂದಿದ್ದೆ" ಎಂದರು. ಅಷ್ಟೇ. ಮುಂದೆ ನನ್ನೊಡನೆ ಮಾತು ಬಿಟ್ಟರು.

ಐದನೆಯ ದಿನ ಹಡಗು ದಡದಿಂದ ದೂರದಲ್ಲೇ ಲಂಗರು ಹಾಕಿತು. ಪಾಸು ಇದ್ದವರನ್ನು ಸಣ್ಣ ದೋಣಿಗಳಲ್ಲಿ ಇಳಿಸಿದರು. ಸಾಹುಕಾರರು ಕೋಟೆ ನೋಡಲೆಂದು ಇಸ್ತ್ರಿ ಮಾಡಿದ ಬಿಳಿ ಧೋತರ, ಟೊಪ್ಪಿಗೆ ತೊಟ್ಟಿದ್ದರು. ಅವರ ಹೆಂಡತಿ, ಬೀಗಿತ್ತಿ, ಆಮೇಲೆ ಎದೆಗೆ ಪರ್ಸು ಒತ್ತಿಕೊಂಡ ಆಪಾ. ದೋಣಿ ದಡ ಮುಟ್ಟುವವರೆಗೆ ಕಟಾಂಜನ ಹಿಡಿದು ನಿಂತಿದ್ದೆ. ಗುಡ್ಡದ ಮೈಗೆ ಅಂಟಿಕೊಂಡಿದ್ದ ಕೆಂಪು ಹೆಂಚಿನ ಮನೆಗಳು, ಹಿತ್ತಿಲಲ್ಲಿ ಒಣಹಾಕಿದ ಬಟ್ಟೆ ಕೂಡ ಕಾಣುತ್ತಿದ್ದವು. ಮಾಸ್ತರು ಪಕ್ಕಕ್ಕೆ ಬಂದು ನಿಂತು, "ಊರು ಶಾಂತ ಐತಿ. ಪಾಪ, ಶಾಂತ ಇರ್ಲಿ" ಎಂದರು.

ಐದು ತಾಸು ನಾನು ಕೂತಲ್ಲಿ ಕೂಡಲಿಲ್ಲ. ಗೋರಿ ಸಿಗದಿದ್ದರೆ? ದಾರಿ ತಪ್ಪಿದರೆ? ಬೀಗಿತ್ತಿಗೆ ನಡೆಯಲು ಆಗದಿದ್ದರೆ? ಸಾಹುಕಾರರು ಬೇಸತ್ತು ಇಬ್ಬರು ಹೆಂಗಸರನ್ನು ಬಿಟ್ಟು ಕೋಟೆಯ ಕಡೆ ಹೋದರೆ? ಕೊನೆಯ ದೋಣಿಗೆ ಅವರು ಬಂದರು. ಸಾಹುಕಾರರ ಧೋತರ ಮೊಣಕಾಲಿನವರೆಗೆ ಮಣ್ಣಾಗಿತ್ತು. ನಾಲ್ವರೂ ನೇರವಾಗಿ ತಮ್ಮ ತಮ್ಮ ಕೋಣೆಗೆ ಹೋದರು.

ನಡೆದದ್ದನ್ನು ಸಾಹುಕಾರರ ಹೆಂಡತಿ ಆಮೇಲೆ ಹೇಳಿದರು. ದೋಣಿ ಇಳಿದ ಕೂಡಲೇ ಸಾಹುಕಾರರು, "ಕೋಟಿ ಎಲ್ಲಿ ಓಡಿ ಹೊಕ್ಕೈತಿ, ಮೊದಲ ಮಣ್ಣು ಮುಗಿಸೂಣು" ಎಂದರಂತೆ. ಸ್ಮಶಾನ ಗುಡ್ಡದ ಆ ಬದಿಗೆ, ಒಂದೂವರೆ ತಾಸಿನ ಏರು. ಕಾವಲುಗಾರನಿಗೆ ಆಪಾ ಕಾಗದ ತೋರಿಸಿದರು. ಹೊರದೇಶದ ನಾವಿಕರಿಗೆ ಬಿಟ್ಟ ಮೂಲೆಯಲ್ಲಿ, ಹುಲ್ಲು ಬೆಳೆದ ಆರನೆಯ ಸಾಲಿಗೆ ಅವನು ಕರೆದೊಯ್ದ. ಆಪಾ ಫಾತಿಹಾ ಓದುವಷ್ಟು ಹೊತ್ತೂ ಇವರು ಮೂವರು ಹಿಂದೆ ನಿಂತರು. ಆಪಾ ಅಳಲಿಲ್ಲ. ಮೂರು ಹಿಡಿ ಮಣ್ಣು ಹಾಕಿದರು. "ಅಂವಗ ನಾವೂ ಊರ ಕಡಿಯವರ ಅಲ್ಲೇನ್ರಿ" ಎಂದು ಬೀಗಿತ್ತಿ ಹಾಕಿದರು, ಸಾಹುಕಾರರ ಹೆಂಡತಿಯೂ ಹಾಕಿದರು. ಕೊನೆಗೆ ಸಾಹುಕಾರರು ಟೊಪ್ಪಿಗೆ ತೆಗೆದು ಬಗಲಲ್ಲಿ ಹಿಡಿದು, ಮಂಡಿಯೂರಿ ಹಾಕಿದರು. ಹುಲ್ಲು ಕಿತ್ತು ಹಸನು ಮಾಡುವಷ್ಟರಲ್ಲಿ ಹೊತ್ತು ಮುಗಿದಿತ್ತು. ಕೋಟೆ, ಗಡಿಯಾರದ ಗೋಪುರ, ಪೇಟೆ, ಒಂದನ್ನೂ ನೋಡಲಿಲ್ಲ.

ಸಂಜೆ ಊಟದ ಕೋಣೆಯಲ್ಲಿ ನಮ್ಮವರೆಲ್ಲ ಸೇರಿದ್ದೆವು. ಇಳಿಯಲಾಗದವರ ಮುನಿಸು ಇನ್ನೂ ಇಳಿದಿರಲಿಲ್ಲ, ಆದರೆ ವಿಷಯ ಎಲ್ಲರಿಗೂ ತಲುಪಿತ್ತು. ಆಪಾ ಒಂದು ಮೂಲೆಯಲ್ಲಿ ಕೂತಿದ್ದರು. ಸಾಹುಕಾರರು, ಅವರ ಹೆಂಡತಿ, ಬೀಗಿತ್ತಿ ತಡವಾಗಿ ಬಂದರು. ಮೂವರ ತಲೆಯೂ ಒದ್ದೆ. ಸಾಹುಕಾರರ ಕಿವಿಯ ಹಿಂದಿನಿಂದ ಇನ್ನೂ ನೀರು ಇಳಿಯುತ್ತಿತ್ತು.

"ಏನ್ರಿ ಸಾಹುಕಾರ, ಈ ಥಂಡ್ಯಾಗ ತಲಿ ಮ್ಯಾಲ ನೀರು ಹಾಕ್ಕೊಂಡೀರಿ?" ಎಂದು ಆಪಾ ಕೇಳಿದರು.

"ಮಣ್ಣಿಗೆ ಹೋಗಿ ಬಂದೇವಲ್ರಿ ಆಪಾ" ಎಂದರು ಸಾಹುಕಾರರು, ಇದೇನು ಕೇಳುವ ಮಾತೇ ಎನ್ನುವಂತೆ. "ಜಳಕಾ ಮಾಡದ ಉಣ್ಣಾಕ ಬರ್ತೈತೇನು?"

ಆಪಾ ಅವರ ಒದ್ದೆ ತಲೆಯನ್ನೇ ನೋಡಿದರು. ಸೆರಗು ಬಾಯಿಗೆ ಹೋಯಿತು. ಹನ್ನೊಂದು ವರ್ಷ ಎಲ್ಲಿಟ್ಟಿದ್ದರೋ, ಹಡಗಿನ ಅಷ್ಟೂ ಜನ ತಿರುಗಿ ನೋಡುವಂತೆ ಅತ್ತರು. ಬೀಗಿತ್ತಿ ಹೋಗಿ ಬೆನ್ನು ಸವರಿದರು. ಮಾಸ್ತರು ಎದ್ದು, ಒಂದು ತಟ್ಟೆಯಲ್ಲಿ ಅನ್ನ ಹಾಕಿಸಿಕೊಂಡು ಬಂದು ಆಪಾನ ಮುಂದಿಟ್ಟರು.

ನಾನು ಎರಡು ಮೇಜು ಆಚೆ, ಹತ್ತಿರ ಹೋಗುವ ಧೈರ್ಯ ಸಾಲದೆ ನಿಂತಿದ್ದೆ. ಆಪಾ ಕಣ್ಣೊರೆಸಿಕೊಂಡು ನನ್ನನ್ನು ಕಂಡರು.

"ಅಕ್ಕಾರ, ನಿಮ್ಮ ಮ್ಯಾಲಿನ ಸಿಟ್ಟು ಇನ್ನಾ ಹೋಗಿಲ್ಲ ನನಗ" ಎಂದರು. ಆಮೇಲೆ ಪಕ್ಕದ ಕುರ್ಚಿಯನ್ನು ತಾವೇ ಎಳೆದರು. "ಊಟಾ ಹಾಕಿಸ್ಕೊಂಡು ಬಂದು ಇಲ್ಲೇ ಕುಂಡ್ರಿ."